ಹೊಟ್ಟೆಯ ಮೇಲೊಂದು ಬಾಯಿ: ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಏನೇನಿರಬೇಕು?

ನಮ್ಮ ಮನೆಗಳಲ್ಲಿ ಒಬ್ಬರನ್ನು ಆಸ್ಪತ್ರೆಗೆ ಸೇರಿಸುವುದೆಂದರೆ ಅದೊಂದು ಸಣ್ಣ ವಲಸೆಯೇ ಸರಿ. ಫ್ಲಾಸ್ಕು, ತಟ್ಟೆ, ಲೋಟ, ಚಾಪೆ, ಹೊದಿಕೆ, ದೇವರ ಪ್ರಸಾದದ ಪೊಟ್ಟಣ, ಸೋದರತ್ತೆ ಅಕ್ಕರೆಯಿಂದ ಕುಟ್ಟಿಕೊಟ್ಟ ಚಟ್ನಿಪುಡಿ, ಎಲ್ಲವೂ ಒಂದೊಂದಾಗಿ ಪೆಟ್ಟಿಗೆಯನ್ನು ಸೇರುತ್ತವೆ. ಪೆಟ್ಟಿಗೆ ತುಂಬಿ ಮುಚ್ಚಳ ಹಾಕಲಾರದಂತಾದಾಗ ಮನೆಮಂದಿಗೆ ಸಮಾಧಾನ. ಆದರೆ ನಿಧಾನವಾಗಿ ಯೋಚಿಸಿದರೆ, ಈ ಸಾಮಾನುಗಳಲ್ಲಿ ಬಹುಪಾಲು ರೋಗಿಯ ಜೊತೆಗೆ ನಿಲ್ಲುವವರ ಅನುಕೂಲಕ್ಕಾಗಿ ಬಂದವು ಎಂಬುದು ತಿಳಿಯುತ್ತದೆ. ರೋಗಿಗೆ ನಿಜವಾಗಿ ಬೇಕಾದ ವಸ್ತುಗಳು ನೆನಪಾಗುವುದು ಶಸ್ತ್ರಚಿಕಿತ್ಸೆಯಾದ ಎರಡು ಮೂರು ದಿನಗಳ ಮೇಲೆ, ದಾದಿಯು ಹತ್ತಿರ ಬಂದು “ಕನ್ನಡಿ ತಂದಿದ್ದೀರಾ? ನಿಮ್ಮ ಕನ್ನಡಕ ಎಲ್ಲಿ?” ಎಂದು ಕೇಳಿದಾಗ.

ಬಾಯಾರಿದ ಮೇಲೆ ಬಾವಿ ತೋಡುವ ಈ ಕಷ್ಟ ಎಲ್ಲ ಶಸ್ತ್ರಚಿಕಿತ್ಸೆಗಳಲ್ಲಿಯೂ ಉಂಟು. ಆದರೆ ಹೊಟ್ಟೆಯ ಮೇಲೆ ಸ್ಟೋಮಾ ಮಾಡಿಸಿಕೊಳ್ಳಲು ಹೋಗುವವರ ವಿಷಯದಲ್ಲಿ ಅದರ ಪರಿಣಾಮ ದೊಡ್ಡದು. ಅದೇಕೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಏನಿದು ಸ್ಟೋಮಾ?

ಸ್ಟೋಮಾ ಎಂಬುದು ಗ್ರೀಕ್ ಭಾಷೆಯ ಶಬ್ದ; ಬಾಯಿ ಎಂದು ಅದರ ಅರ್ಥ. ಕರುಳಿನಲ್ಲಿ ಅರ್ಬುದವೋ, ಗುಣವಾಗದ ಹುಣ್ಣೋ, ಅಡಚಣೆಯೋ, ಅಪಘಾತದ ಗಾಯವೋ ಉಂಟಾಗಿ ಮಲವು ಸಹಜ ಮಾರ್ಗದಲ್ಲಿ ಹೋಗುವಂತಿಲ್ಲದಾಗ, ಶಸ್ತ್ರವೈದ್ಯರು ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ದೊಡ್ಡ ಕರುಳನ್ನು ಹೀಗೆ ಹೊರತಂದರೆ ಅದು ಕೊಲೊಸ್ಟಮಿ. ಸಣ್ಣ ಕರುಳಿನ ಕೊನೆಯ ಭಾಗವನ್ನು ತಂದರೆ ಇಲಿಯೋಸ್ಟಮಿ. ಮೂತ್ರಕ್ಕಾಗಿ ಮಾಡಿದ ದಾರಿಯಾದರೆ ಯೂರೋಸ್ಟಮಿ. ಕೆಲವರಿಗೆ ಇದು ಕೆಲವು ತಿಂಗಳ ಮಟ್ಟಿಗಿನ ಏರ್ಪಾಡು. ಒಳಗಿನ ಗಾಯ ಮಾಗಿದ ಮೇಲೆ ಮತ್ತೊಂದು ಶಸ್ತ್ರಚಿಕಿತ್ಸೆಯಿಂದ ಮುಚ್ಚಿಬಿಡುವುದುಂಟು. ಮತ್ತೆ ಕೆಲವರಿಗೆ ಅದು ಜೀವಮಾನದ ಸಂಗಾತಿ.

ಆರೋಗ್ಯವಾದ ಸ್ಟೋಮಾದ ಬಣ್ಣ ನಮ್ಮ ತುಟಿಯ ಒಳಭಾಗದಂತೆ ತೇವವಾದ ಕೆಂಪು. ಮುಟ್ಟಿದರೆ ನೋಯುವುದಿಲ್ಲ, ಏಕೆಂದರೆ ನೋವನ್ನು ತಿಳಿಸುವ ನರಗಳು ಅದರ ಮೇಲ್ಮೈಯಲ್ಲಿಲ್ಲ. ಬೇಕೆಂದಾಗ ಬಿಗಿಹಿಡಿಯುವ ಶಕ್ತಿಯೂ ಅದಕ್ಕಿಲ್ಲ. ಆದುದರಿಂದಲೇ ಅದರ ಮೇಲೆ ಸದಾ ಒಂದು ಚೀಲವನ್ನು ಅಂಟಿಸಿಕೊಂಡಿರಬೇಕಾಗುತ್ತದೆ.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಎಂಬ ಊರಿನಲ್ಲಿ ದ್ಯುರೆ ಎಂಬ ಶಸ್ತ್ರವೈದ್ಯರು ಮಲದ್ವಾರವೇ ಇಲ್ಲದೆ ಹುಟ್ಟಿದ ಹಸುಗೂಸೊಂದಕ್ಕೆ ಹೀಗೆ ದಾರಿ ಮಾಡಿಕೊಟ್ಟರು. ಆ ಮಗು ಬೆಳೆದು 45 ವರ್ಷ ಬಾಳಿತು. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಎಂಬವರು, ಸಣ್ಣ ಕರುಳಿನ ತುದಿಯನ್ನು ಅಂಗಿಯ ತೋಳಿನಂಚಿನ ಹಾಗೆ ಹೊರಮಡಿಕೆ ಮಾಡಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಇಂದಿಗೂ ಇಲಿಯೋಸ್ಟಮಿಗೆ ಅದೇ ಮಾದರಿ.

ಆಸ್ಪತ್ರೆಯಲ್ಲ, ಪಾಠಶಾಲೆ

ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಹೊಲಿಗೆ ಬಿಚ್ಚಿ, ಗಾಯ ಮಾಗಿದರೆ ರೋಗಿಯ ಪಾಲಿನ ಕೆಲಸ ಮುಗಿಯಿತು. ಇಲ್ಲಿ ಹಾಗಲ್ಲ. ಮನೆಗೆ ಹಿಂದಿರುಗುವವನು ಒಂದು ಹೊಸ ಕೆಲಸವನ್ನು ಜೊತೆಯಲ್ಲಿಯೇ ಕೊಂಡೊಯ್ಯುತ್ತಾನೆ. ದಿನಕ್ಕೆ ಹಲವು ಸಲ ಚೀಲವನ್ನು ಬರಿದುಮಾಡಬೇಕು. ಮೂರು ನಾಲ್ಕು ದಿನಗಳಿಗೊಮ್ಮೆ ಅದನ್ನು ತೆಗೆದು, ಚರ್ಮ ತೊಳೆದು, ಹೊಸದನ್ನು ಅಂಟಿಸಬೇಕು. ಈ ಕೈಕೆಲಸವನ್ನು ಆಸ್ಪತ್ರೆಯಲ್ಲಿರುವ ಸುಮಾರು ಒಂದು ವಾರದಲ್ಲಿಯೇ ಕಲಿಯಬೇಕು. ಕಲಿತವನು ಅಂಗಡಿಗೆ, ಹೊಲಕ್ಕೆ, ಮದುವೆಗೆ, ಜಾತ್ರೆಗೆ ಹೋಗುತ್ತಾನೆ. ಕಲಿಯದವನು ಪ್ರತಿಯೊಂದು ಸಲವೂ ಮತ್ತೊಬ್ಬರ ಕೈ ಕಾಯುತ್ತ, ಸಂಕೋಚದಿಂದ ಕೋಣೆಯೊಳಗೆ ಉಳಿದುಬಿಡುತ್ತಾನೆ.

ಆದುದರಿಂದ ಈ ಪೆಟ್ಟಿಗೆಯನ್ನು ತುಂಬುವಾಗ “ಕಾಯಿಲೆಯವರ ಸಾಮಾನು” ಎಂದು ಭಾವಿಸಬಾರದು. ಪಾಠಶಾಲೆಗೆ ಹೊರಟ ವಿದ್ಯಾರ್ಥಿಯ ಕೈಚೀಲ ಎಂದು ಭಾವಿಸಬೇಕು. ರೋಗಿಯು ತನ್ನ ಕೈಯಿಂದಲೇ ಕೆಲಸ ಕಲಿಯಲು ನೆರವಾಗುವುದೆಲ್ಲ ಒಳಗಿರಲಿ, ಉಳಿದುದು ಮನೆಯಲ್ಲಿರಲಿ. ಸಾಧ್ಯವಾದರೆ ಪೆಟ್ಟಿಗೆಯನ್ನು ರೋಗಿಯೇ ತುಂಬಲಿ, ಇಲ್ಲವೆ ಹತ್ತಿರ ಕುಳಿತು ತುಂಬಿಸಲಿ.

ಮೊದಲು ನಿತ್ಯದ ಉಡುಪು

ಶಸ್ತ್ರಚಿಕಿತ್ಸೆಗೆ ಮೊದಲು, ಸ್ಟೋಮಾ ಎಲ್ಲಿ ಬರಬೇಕೆಂಬುದನ್ನು ಶಸ್ತ್ರವೈದ್ಯರೋ ತರಬೇತಿ ಪಡೆದ ದಾದಿಯೋ ಹೊಟ್ಟೆಯ ಮೇಲೆ ಗುರುತು ಮಾಡುತ್ತಾರೆ. ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡುತ್ತಾರೆ. ಚರ್ಮದ ಮಡಿಕೆ, ಹಳೆಯ ಗಾಯದ ಕಲೆ, ಹೊಕ್ಕುಳು, ಸೊಂಟದ ಮೂಳೆ, ಉಡುಪಿನ ಕಟ್ಟು ಇವುಗಳಿಂದ ದೂರವಿರುವ, ರೋಗಿಗೆ ತನ್ನ ಕಣ್ಣಿಗೇ ಕಾಣುವ ಸಮತಟ್ಟಾದ ಜಾಗ ಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಆಸ್ಪತ್ರೆಯ ಸಡಿಲವಾದ ನಿಲುವಂಗಿಯಲ್ಲಿ ನಿಂತವರ ಕಟ್ಟು ಎಲ್ಲಿ ಬರುತ್ತದೆಂದು ಯಾರಿಗೆ ತಾನೆ ತಿಳಿದೀತು?

ಆದುದರಿಂದ ನಿತ್ಯವೂ ಉಡುವ ಬಟ್ಟೆಯೇ ಪೆಟ್ಟಿಗೆಯ ಮೊದಲ ವಸ್ತು. ಸೀರೆ ಉಡುವ ಸೋದರಿಯರು ತಮ್ಮ ಒಳಲಂಗವನ್ನು ತಂದು, ಲಾಡಿಯನ್ನು ಎಂದಿನ ಜಾಗದಲ್ಲಿಯೇ ಕಟ್ಟಿ ತೋರಿಸಬೇಕು. ಪಂಚೆ ಉಡುವವರು ಪಂಚೆಯನ್ನು, ಷರಾಯಿ ತೊಡುವವರು ಬೆಲ್ಟು ಸಮೇತ ಷರಾಯಿಯನ್ನು ತೊಟ್ಟು ತೋರಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವ ಅಭ್ಯಾಸವಿದ್ದರೆ ಹಾಗೆಯೇ ಕುಳಿತು ತೋರಿಸಬೇಕು. ಆಗ ಹೊಟ್ಟೆಯಲ್ಲಿ ಬೀಳುವ ಮಡಿಕೆ ಕುರ್ಚಿಯಲ್ಲಿ ಕುಳಿತಾಗಿನದಲ್ಲ. ಮಡಿಕೆಯಲ್ಲಿ ಸಿಕ್ಕಿಕೊಂಡ ಸ್ಟೋಮಾದ ಮೇಲೆ ಚೀಲ ನಿಲ್ಲುವುದು ಕಷ್ಟ; ಸೋರಿಕೆ ತಪ್ಪಿದ್ದಲ್ಲ. ಮುಂದಿನ ಹಲವು ವರ್ಷಗಳ ನೆಮ್ಮದಿ ಈ ಅರ್ಧಗಂಟೆಯ ಗುರುತನ್ನು ಅವಲಂಬಿಸಿದೆಯೆಂದರೆ ಅತಿಶಯೋಕ್ತಿಯಲ್ಲ. ತುರ್ತಾಗಿ ನಡೆಯುವ ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕೆ ಪುರಸತ್ತು ದೊರೆಯದಿರಬಹುದು, ದೊರೆತಾಗ ಬಿಡಬಾರದು.

ಶಸ್ತ್ರಚಿಕಿತ್ಸೆಯ ಅನಂತರದ ದಿನಗಳಿಗೆ ಹೊಟ್ಟೆಯನ್ನು ಬಿಗಿಯದ ಉಡುಪು ಬೇಕು. ಹೆಂಗಸರಿಗೆ ಸಡಿಲವಾದ ನೈಟಿ, ಗಂಡಸರಿಗೆ ಉದ್ದನೆಯ ಜುಬ್ಬ ಹಾಗೂ ಸಡಿಲವಾಗಿ ಸುತ್ತುವ ಲುಂಗಿ ಉತ್ತಮ. ಮುಂದೆ ಗುಂಡಿಯಿರುವ ಅಂಗಿಯಾದರೆ ಚೀಲ ನೋಡುವುದು ಸುಲಭ. ಒಳಉಡುಪು ಒಂದು ಅಳತೆ ದೊಡ್ಡದಾಗಿರಲಿ. ಹಿಂಬದಿಗೆ ಪಟ್ಟಿಯಿರುವ, ಜಾರದ ಚಪ್ಪಲಿಯನ್ನು ಮರೆಯಬಾರದು. ಶಸ್ತ್ರಚಿಕಿತ್ಸೆಯಾದ ಮರುದಿನದಿಂದಲೇ ನಡೆದಾಡಿಸುವುದು ಇಂದಿನ ಪದ್ಧತಿ.

ಪಾಠದ ಸಾಮಗ್ರಿ

ಇನ್ನು ಕೈಕೆಲಸಕ್ಕೆ ಬೇಕಾದ ಚಿಕ್ಕಪುಟ್ಟ ವಸ್ತುಗಳು. ಇವುಗಳನ್ನೆಲ್ಲ ಬೇರೊಂದು ಪುಟ್ಟ ಕೈಚೀಲದಲ್ಲಿ ಹಾಕಿ, ರೋಗಿಯ ಕೈಗೆಟಕುವಂತೆ ಇರಿಸಬೇಕು.

ಎಲ್ಲಕ್ಕಿಂತ ಮೊದಲು ಕನ್ನಡಕ. ಚತ್ವಾರ ಬಂದವರಿಗೆ ಹತ್ತಿರದ ವಸ್ತು ಮಸುಕಾಗಿ ಕಾಣುವುದು ಸಹಜ. “ಆಸ್ಪತ್ರೆಯಲ್ಲಿ ಓದುವುದೇನಿದೆ?” ಎಂದು ಕನ್ನಡಕವನ್ನು ಮನೆಯಲ್ಲಿ ಬಿಟ್ಟು ಬಂದರೆ ಮಿಲಿಮೀಟರಿನ ಲೆಕ್ಕದಲ್ಲಿ ಮಾಡಬೇಕಾದ ಕೆಲಸವನ್ನು ಕಲಿಯುವುದೆಂತು? ಕಿವಿಯ ಯಂತ್ರ ಬಳಸುವವರು ಅದನ್ನೂ ಅದರ ಬ್ಯಾಟರಿಯನ್ನೂ ತರಬೇಕು. ಪಾಠ ಕೇಳಿಸದಿದ್ದರೆ ಕಲಿಕೆ ಹೇಗಾದೀತು?

ಎರಡನೆಯದು ಕಾಲಿನ ಮೇಲೆ ನಿಲ್ಲುವ ಸಣ್ಣ ಕನ್ನಡಿ. ಸ್ಟೋಮಾದ ಕೆಳಭಾಗ ರೋಗಿಯ ನೋಟಕ್ಕೆ ಸಿಗುವುದಿಲ್ಲ; ಸೋರಿಕೆಯೂ ಚರ್ಮದ ಹುಣ್ಣೂ ಮೊದಲು ತಲೆಹಾಕುವುದು ಅನೇಕ ವೇಳೆ ಅಲ್ಲಿಯೇ. ಮೂರನೆಯದು ತುದಿ ಚೂಪಿಲ್ಲದ ಸಣ್ಣ ಬಾಗು ಕತ್ತರಿ ಹಾಗೂ ಒಂದು ಪೆನ್ನು. ಚರ್ಮಕ್ಕೆ ಅಂಟುವ ಬಿಲ್ಲೆಯಲ್ಲಿ ಸ್ಟೋಮಾದ ಅಳತೆಗಿಂತ ಎರಡು ಮೂರು ಮಿಲಿಮೀಟರು ಮಾತ್ರ ಅಗಲವಾದ ರಂಧ್ರವನ್ನು ಕತ್ತರಿಸಬೇಕು. ಹೆಚ್ಚು ಅಗಲವಾದರೆ ಚರ್ಮ ಮಲಕ್ಕೆ ತೆರೆದುಕೊಂಡು ಸುಡುತ್ತದೆ. ತೀರ ಬಿಗಿಯಾದರೆ ಸ್ಟೋಮಾಕ್ಕೆ ತರಚುತ್ತದೆ, ನೋವಿಲ್ಲದ ಕಾರಣ ರೋಗಿಗೆ ಅದು ತಿಳಿಯುವುದೂ ಇಲ್ಲ.

ನಾಲ್ಕನೆಯದು ಬಟ್ಟೆ ಒಣಹಾಕುವಾಗ ಸಿಕ್ಕಿಸುವ ಕ್ಲಿಪ್ಪುಗಳು, ಎರಡು. ಅಂಗಿಯನ್ನು ಮೇಲೆತ್ತಿ ಎದೆಯ ಬಳಿ ಸಿಕ್ಕಿಸಿದರೆ ಎರಡು ಕೈಗಳೂ ಕೆಲಸಕ್ಕೆ ಬಿಡುವಾಗುತ್ತವೆ. ಕೆಲವೇ ರೂಪಾಯಿಗಳ ಈ ವಸ್ತುವಿನ ಉಪಕಾರ ಬಳಸಿದವರಿಗೇ ಗೊತ್ತು. ಐದನೆಯದು ಹಳೆಯ ಹತ್ತಿಪಂಚೆಯನ್ನು ಹರಿದು, ಒಗೆದು, ಬಿಸಿಲಿನಲ್ಲಿ ಒಣಗಿಸಿದ ಮೆತ್ತನೆಯ ತುಂಡುಗಳು. ಚರ್ಮವನ್ನು ಉಗುರುಬೆಚ್ಚಗಿನ ನೀರಿನಿಂದ ಒರೆಸಿ ಒಣಗಿಸಲು ಇವು ಸಾಕು. ಆರನೆಯದು ಹಳೆಯ ವೃತ್ತಪತ್ರಿಕೆ ಮತ್ತು ಮುಚ್ಚಿ ಕಟ್ಟಬಹುದಾದ ಚಿಕ್ಕ ಕವರುಗಳು. ತೆಗೆದ ಚೀಲವನ್ನು ಬರಿದುಮಾಡಿ, ಸುತ್ತಿ, ಕಸದ ಬುಟ್ಟಿಗೆ ಹಾಕತಕ್ಕದ್ದು. ಶೌಚದ ಗುಂಡಿಗೆ ಎಸೆದರೆ ಕೊಳವೆ ಕಟ್ಟಿಕೊಳ್ಳುತ್ತದೆ.

ಕೊನೆಯದಾಗಿ ಒಂದು ನೋಟುಬುಕ್ಕು. ಚೀಲ ಬರಿದುಮಾಡಿದ ಹೊತ್ತು, ಅಂದಾಜು ಪ್ರಮಾಣ, ತಿಂದ ಪದಾರ್ಥ, ವೈದ್ಯರು ಹೇಳಿದ ಮಾತು ಇವನ್ನು ಬರೆದಿಡಬೇಕು. ಮನೆಗೆ ಬಂದ ಮೇಲೆ “ಅವರು ಏನೆಂದರು?” ಎಂಬ ಚರ್ಚೆಗೆ ಆಸ್ಪದವಿರುವುದಿಲ್ಲ.

ವಾಚಕರು ಮೂಗುಮುರಿಯಬಹುದಾದರೂ ಒಂದು ಮಾತನ್ನು ಹೇಳಲೇಬೇಕು. ಮಲದ್ವಾರವನ್ನು ಉಳಿಸಿದ ಶಸ್ತ್ರಚಿಕಿತ್ಸೆಯ ಅನಂತರ ಅಲ್ಲಿಂದ ಆಗಾಗ ಲೋಳೆ ಬರುವುದುಂಟು. ಮಲವಿಸರ್ಜನೆಯ ಒತ್ತಡ ಬಂದಂತೆಯೂ ಅನ್ನಿಸುವುದುಂಟು. ಇದು ಗಾಬರಿಪಡತಕ್ಕ ವಿಷಯವಲ್ಲ. ಗಂಡಸಾಗಲಿ ಹೆಂಗಸಾಗಲಿ, ಸ್ಯಾನಿಟರಿ ಪ್ಯಾಡುಗಳ ಒಂದು ಕಟ್ಟನ್ನು ಇಟ್ಟುಕೊಂಡರೆ ಬಟ್ಟೆಯೂ ಮಾನವೂ ಉಳಿಯುತ್ತವೆ. ಆ ಭಾಗವನ್ನೇ ತೆಗೆದುಹಾಕಿದವರಿಗೆ ಕೂರಲು ಮೆತ್ತನೆಯ ದಿಂಬು ಬೇಕು. ನಡುವೆ ತೂತಿರುವ ಗಾಳಿಯ ಉಂಗುರ ಗಾಯವನ್ನು ಎಳೆಯುವುದರಿಂದ ಅದು ಬೇಡ.

ಚೀಲಗಳನ್ನು ಮೊದಲೇ ಕೊಳ್ಳಬೇಕೆ?

ಬೇಡ. ಆತುರದಿಂದ ಐವತ್ತು ಚೀಲಗಳನ್ನು ಕೊಂಡು ಪೆಟ್ಟಿಗೆಗೆ ತುಂಬಿದರೆ ಹಣ ನಷ್ಟವಾಗುವ ಸಂಭವವೇ ಹೆಚ್ಚು. ಸ್ಟೋಮಾದ ಅಳತೆ ಶಸ್ತ್ರಚಿಕಿತ್ಸೆಗೆ ಮುಂಚೆ ಯಾರಿಗೂ ತಿಳಿಯದು. ಮೊದಲು ಊದಿಕೊಂಡಿರುವ ಸ್ಟೋಮಾ ಆರರಿಂದ ಎಂಟು ವಾರಗಳಲ್ಲಿ ಕುಗ್ಗುತ್ತ ಹೋಗುತ್ತದೆ. ಚೀಲಗಳಲ್ಲಿಯೂ ಬಗೆಗಳುಂಟು. ಬಿಲ್ಲೆಯೂ ಚೀಲವೂ ಒಂದೇ ಆಗಿರುವುದು ಒಂದು. ಅಂಗಡಿಯವರು ಫ್ಲ್ಯಾಂಜ್ ಎಂದು ಕರೆಯುವ ಬಿಲ್ಲೆ ಬೇರೆ, ಚೀಲ ಬೇರೆ ಆಗಿರುವುದು ಮತ್ತೊಂದು. ಕೆಳಗೆ ಬಾಯಿ ತೆರೆದು ಬರಿದುಮಾಡುವಂಥವು, ಮೂತ್ರಕ್ಕಾಗಿ ನಲ್ಲಿಯಿರುವಂಥವು, ಒಮ್ಮೆ ಬಳಸಿ ಎಸೆಯುವಂಥವು ಎಂದು ಇನ್ನೂ ಭೇದಗಳಿವೆ. ಯಾವುದು ತಕ್ಕುದೆಂದು ಕೇಳಿ ತಿಳಿದ ಮೇಲೆ ಕೊಳ್ಳುವುದೇ ಜಾಣತನ. ಚೀಲಗಳನ್ನು ಆಸ್ಪತ್ರೆಯೇ ಕೊಡುವುದೋ ಹೊರಗಿನಿಂದ ತರಬೇಕೋ ಎಂಬುದನ್ನು ಮಾತ್ರ ಸೇರುವ ಮುನ್ನವೇ ವಿಚಾರಿಸಿ, ಅದಕ್ಕೆಂದು ಹಣವನ್ನು ತೆಗೆದಿರಿಸಬೇಕು.

ಈ ಚೀಲದ ಕಥೆಯೂ ಸ್ವಾರಸ್ಯವಾಗಿದೆ. 1954ರಲ್ಲಿ ಡೆನ್ಮಾರ್ಕಿನ ಎಲಿಸೆ ಸೊರೆನ್ಸೆನ್ ಎಂಬ ದಾದಿಯ ತಂಗಿಗೆ ಸ್ಟೋಮಾ ಆಯಿತು. ಸೋರಿಕೆಯ ಭಯದಿಂದ ತಂಗಿ ಹೊರಗೆ ಕಾಲಿಡಲೂ ಹಿಂಜರಿದುದನ್ನು ಕಂಡು, ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಎಸೆಯಬಹುದಾದ ಚೀಲವೊಂದನ್ನು ಆಕೆ ಕಲ್ಪಿಸಿದಳು. ಪ್ಲಾಸ್ಟಿಕ್ ತಯಾರಕರಾದ ಆಗೆ ಲೂಯಿ-ಹಾನ್ಸೆನ್, ಸ್ವತಃ ದಾದಿಯಾಗಿದ್ದ ತಮ್ಮ ಪತ್ನಿಯ ಒತ್ತಾಯದಿಂದ ಅದನ್ನು ಮಾಡಿಕೊಟ್ಟರು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೂಪರ್ಟ್ ಟರ್ನ್‌ಬುಲ್ ಎಂಬ ಶಸ್ತ್ರವೈದ್ಯರು ಚರ್ಮದ ರಕ್ಷಣೆಗಾಗಿ ಬಳಕೆಗೆ ತಂದುದು ಕರಾಯ ಎಂಬ ಮರದಂಟನ್ನು. ಅದು ದೊರೆಯುವುದು ನಮ್ಮ ಭಾರತದ ಒಣಕಾಡುಗಳ ಮರದಿಂದ. ಅವರ ರೋಗಿಯಾಗಿದ್ದ ನಾರ್ಮಾ ಗಿಲ್ ಎಂಬಾಕೆ 1958ರಿಂದ ಅದೇ ಆಸ್ಪತ್ರೆಯಲ್ಲಿ ಇತರ ರೋಗಿಗಳಿಗೆ ಈ ಕೈಕೆಲಸ ಕಲಿಸತೊಡಗಿದಳು. 1961ರಲ್ಲಿ ಅಲ್ಲಿ ಇದಕ್ಕಾಗಿಯೇ ಶಾಲೆ ತೆರೆಯಿತು. ತಾನು ಅನುಭವಿಸಿದುದನ್ನು ಮತ್ತೊಬ್ಬರಿಗೆ ಕಲಿಸುವುದೇ ಈ ವಿದ್ಯೆಯ ಪರಂಪರೆ ಎಂಬುದು ಇದರಿಂದ ತಿಳಿಯುತ್ತದೆ.

ಪೆಟ್ಟಿಗೆಯಿಂದ ತೆಗೆದಿಡಬೇಕಾದುವು

ಏನು ಬೇಕೆಂಬುದರಷ್ಟೇ ಏನು ಬೇಡವೆಂಬುದೂ ಮುಖ್ಯ. ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಎಲ್ಲ ಉರಿಗೂ ಮದ್ದು. ಆದರೆ ಸ್ಟೋಮಾದ ಸುತ್ತಲಿನ ಚರ್ಮಕ್ಕೆ ಎಣ್ಣೆಯೋ ಮುಲಾಮೋ ತಗಲಿದರೆ ಬಿಲ್ಲೆ ಅಂಟುವುದಿಲ್ಲ. ಅಂಟದ ಬಿಲ್ಲೆ ಸೋರುತ್ತದೆ. ಸೋರಿದರೆ ಉರಿ ಇಮ್ಮಡಿಯಾಗುತ್ತದೆ. ಮೈಪೌಡರು, ಅರಿಶಿನ, ವಿಭೂತಿ, ಸುಗಂಧದ ಸೋಪು, ಡೆಟಾಲು, ಸ್ಪಿರಿಟ್ಟು ಇವೂ ಆ ಜಾಗಕ್ಕೆ ಸಲ್ಲವು. ಬರಿಯ ನೀರು ಸಾಕು. ಚರ್ಮ ಕೆಂಪಾಗಿದ್ದರೆ ಸ್ಟೋಮಾಕ್ಕೆಂದೇ ತಯಾರಿಸಿದ ಪುಡಿ ದೊರೆಯುತ್ತದೆ. ದಾದಿಯನ್ನು ಕೇಳಿ ಬಳಸಬೇಕು.

ಒಡವೆಗಳನ್ನು ಮನೆಯಲ್ಲಿಯೇ ಬಿಡುವುದು ಲೇಸು. ಶಸ್ತ್ರಚಿಕಿತ್ಸೆಯ ಕೊಠಡಿಗೆ ಹೋಗುವ ಮುನ್ನ ಮೂಗುಬಟ್ಟು, ಓಲೆ, ಬಳೆ, ಕಾಲುಂಗುರಗಳನ್ನು ತೆಗೆಯಲೇಬೇಕಾಗುತ್ತದೆ. ಆ ಹೊತ್ತಿನಲ್ಲಿ ಮಾಂಗಲ್ಯ ತೆಗೆಯುವ ಪ್ರಸಂಗ ಬಂದು ಹೆಣ್ಣುಮಕ್ಕಳು ಕಣ್ಣೀರಿಡುವುದುಂಟು. ಮನೆಯಲ್ಲಿಯೇ ಹಿರಿಯರು ಸಮಾಧಾನದ ಮಾತು ಹೇಳಿ, ನಂಬಿಕೆಯವರ ಕೈಗೆ ಒಪ್ಪಿಸಿ ಹೊರಡುವುದು ಉತ್ತಮ. ಉಗುರಿನ ಬಣ್ಣವನ್ನು ಅಳಿಸಿಕೊಂಡು ಹೋಗಬೇಕು.

ಕಾಗದಪತ್ರಗಳು ಮಾತ್ರ ಬಿಡಬಾರದವು: ಹಳೆಯ ಪರೀಕ್ಷೆಗಳ ವರದಿ, ಎಕ್ಸ್‌ರೇ, ಸ್ಕ್ಯಾನು, ಆಧಾರ್ ಚೀಟಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಬೇಕಾದವರಿಗೆ ಪಡಿತರ ಚೀಟಿ. ನಿತ್ಯ ನುಂಗುವ ಮಾತ್ರೆಗಳನ್ನು ಪಟ್ಟಿಯೊಡನೆ ತರಬೇಕು. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಇಲಿಯೋಸ್ಟಮಿಯಾದ ಮೇಲೆ, ನಿಧಾನವಾಗಿ ಕರಗುವಂಥ ಮಾತ್ರೆಗಳು ಕರಗದೆ ಚೀಲಕ್ಕೆ ಬಂದು ಬೀಳಬಹುದು. ಹಾಗಾದರೆ ಪುಡಿಮಾಡಿ ನುಂಗದೆ ವೈದ್ಯರಿಗೆ ಹೇಳಿ ಬೇರೆ ಬಗೆಯದನ್ನು ಪಡೆಯತಕ್ಕದ್ದು.

ಚಟ್ನಿಪುಡಿಯ ಗತಿ

ಸೋದರತ್ತೆಯ ಚಟ್ನಿಪುಡಿಯನ್ನು ಏನು ಮಾಡುವುದು? ಸದ್ಯಕ್ಕೆ ಜೊತೆಗಿರುವವರು ತಿನ್ನಲಿ. ರೋಗಿಗೆ ಮೊದಲು ದ್ರವಾಹಾರ, ಆಮೇಲೆ ಮೆತ್ತನೆಯ ಆಹಾರ: ಅಕ್ಕಿಗಂಜಿ, ಮಜ್ಜಿಗೆ ಅನ್ನ, ಇಡ್ಲಿ, ಬಾಳೆಹಣ್ಣು. ಇಲಿಯೋಸ್ಟಮಿಯವರು ಮೊದಲ ಆರೆಂಟು ವಾರ ಹಸಿ ಕೊಬ್ಬರಿ, ಕಡಲೆಕಾಯಿ, ಜೋಳದ ತೆನೆ, ಅಣಬೆ, ಹಸಿ ತರಕಾರಿಗಳಿಂದ ದೂರವಿರಬೇಕು. ಜೀರ್ಣವಾಗದ ನಾರು ಗಂಟಾಗಿ ಸ್ಟೋಮಾದ ದಾರಿಯನ್ನು ಕಟ್ಟಬಹುದು. ಅವರೆಕಾಳು, ಹುರುಳಿ, ಈರುಳ್ಳಿ, ಮೊಟ್ಟೆಗಳು ವಾಯುವನ್ನೋ ವಾಸನೆಯನ್ನೋ ಹೆಚ್ಚಿಸುತ್ತವೆ. ಇವು ಶಾಶ್ವತ ನಿಷೇಧಗಳಲ್ಲ. ಒಂದೊಂದನ್ನೇ ಸ್ವಲ್ಪ ಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿಂದು ನೋಡುತ್ತ ಬಂದರೆ ಹಳೆಯ ಊಟದ ಬಹುಪಾಲು ಹಿಂದಿರುಗುತ್ತದೆ.

ಇಲಿಯೋಸ್ಟಮಿಯವರಿಗೆ ಮತ್ತೊಂದು ಎಚ್ಚರಿಕೆ. ನೀರನ್ನೂ ಉಪ್ಪನ್ನೂ ಹೀರಿಕೊಳ್ಳುವ ದೊಡ್ಡ ಕರುಳಿನ ಸೇವೆ ತಪ್ಪಿರುವುದರಿಂದ ಅವೆರಡೂ ದೇಹದಿಂದ ಹೆಚ್ಚಾಗಿ ಹೊರಟುಹೋಗುತ್ತವೆ. ಚೀಲಕ್ಕೆ ನೀರಿನಂತೆ ಸುರಿಯುತ್ತಿರುವಾಗ ಬರಿಯ ನೀರನ್ನೇ ಕುಡಿಯುತ್ತ ಹೋದರೆ ನಷ್ಟ ಇನ್ನಷ್ಟು ಹೆಚ್ಚುತ್ತದೆ. ಓಆರ್‌ಎಸ್ ಪುಡಿಯ ಕೆಲವು ಪೊಟ್ಟಣಗಳು ಪೆಟ್ಟಿಗೆಯಲ್ಲಿರಲಿ. ಅದಿಲ್ಲದಾಗ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿಕೊಳ್ಳಬಹುದು. ಹೃದ್ರೋಗ, ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಜೊತೆಗಾರರಿಗೆ ಒಂದು ಮಾತು

ಹಿರಿಯರೊಬ್ಬರಿಗೆ ಸ್ಟೋಮಾ ಆಗಿದೆಯೆಂದು ಭಾವಿಸೋಣ. ಜೊತೆಯಲ್ಲಿ ನಿಂತವಳು ಸೊಸೆ. “ಮಾವ, ನೀವು ಸುಮ್ಮನೆ ಮಲಗಿರಿ, ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ,” ಎಂದು ಆಕೆ ಹೇಳುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಯಿಂದ ಹಿರಿಯರ ಸಂಕೋಚ ಹೆಚ್ಚುತ್ತದೆ; ಕೈ ಕಲಿಯುವುದೂ ಇಲ್ಲ. ಸೊಸೆ ತವರಿಗೆ ಹೋದ ದಿನ ಚೀಲ ಸೋರಿದರೆ ಗತಿಯೇನು? ದಾದಿಯು “ಯಜಮಾನರೇ, ಈ ಸಲ ನೀವೇ ತೆಗೆಯಿರಿ, ನಾನು ಪಕ್ಕದಲ್ಲಿಯೇ ಇರುತ್ತೇನೆ,” ಎಂದಾಗ ಮನೆಯವರು ಅಡ್ಡಬರಬಾರದು. ಮೊದಲ ದಿನ ನೋಡುವುದು, ಮರುದಿನ ಕೈಜೋಡಿಸುವುದು, ಮನೆಗೆ ಹೊರಡುವ ಮುನ್ನ ಒಮ್ಮೆಯಾದರೂ ಪೂರ್ತಿಯಾಗಿ ತಾನೇ ಮಾಡುವುದು, ಇದು ಕ್ರಮ. ಮನೆಯವರಲ್ಲೊಬ್ಬರು ಕಲಿತಿರಬೇಕು, ನಿಜ. ಅದು ರೋಗಿಯ ಬದಲಿಗಲ್ಲ, ರೋಗಿಯ ಬೆನ್ನಿಗೆ.

ಚೀಲ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ತುಂಬಿದಾಗ ಬರಿದುಮಾಡಬೇಕು. ಪೂರ್ತಿ ತುಂಬಿದರೆ ಭಾರಕ್ಕೆ ಬಿಲ್ಲೆ ಕಿತ್ತುಬರುತ್ತದೆ. ನೆಲದ ಶೌಚವಿರುವ ಮನೆಯವರು ಒಂದು ಗಿಡ್ಡ ಸ್ಟೂಲನ್ನು ಅದರ ಮುಂದೆ ಹಾಕಿ ಕುಳಿತು ಬರಿದುಮಾಡುವುದನ್ನು ರೂಢಿಸಿಕೊಳ್ಳಬೇಕು. ಇದನ್ನು ಆಸ್ಪತ್ರೆಯಲ್ಲಿಯೇ ಕೇಳಿ ತಿಳಿಯುವುದು ಮೇಲು. ನೋಡಲು ಬಂದ ಬಂಧುಗಳ ಎದುರಿಗೆ ಮೂಗು ಮುಚ್ಚಿಕೊಳ್ಳುವುದಾಗಲಿ, ಕನಿಕರದ ಪಿಸುಮಾತಾಗಲಿ ಸಲ್ಲದು. ರೋಗಿಯ ಮುಖ ಎಲ್ಲರ ಮುಖವನ್ನೂ ಓದುತ್ತಿರುತ್ತದೆ.

ಹಿಂದಿರುಗುವ ದಿನ

ಪೆಟ್ಟಿಗೆ ತುಂಬುವಾಗ ಎಲ್ಲರೂ ಹೋಗುವ ದಿನವನ್ನು ನೆನೆಯುತ್ತಾರೆ. ನಿಜವಾದ ಪರೀಕ್ಷೆ ಹಿಂದಿರುಗುವ ದಿನದ್ದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ದೊರೆಯುವ ಚೀಲ ತಾಲ್ಲೂಕು ಕೇಂದ್ರದ ಔಷಧದಂಗಡಿಯಲ್ಲಿ ಕೇಳಿದೊಡನೆ ದೊರೆಯುವ ಭರವಸೆಯಿಲ್ಲ. ಕೈಯಲ್ಲಿದ್ದುದು ಮುಗಿದಾಗ ಮನೆಯ ಪ್ಲಾಸ್ಟಿಕ್ ಕವರನ್ನು ಕಟ್ಟಿಕೊಂಡು ಚರ್ಮವೆಲ್ಲ ಹುಣ್ಣಾಗಿಸಿಕೊಳ್ಳುವ ದುರವಸ್ಥೆ ಇಲ್ಲಿಂದಲೇ ಆರಂಭ. ಆದುದರಿಂದ ಕನಿಷ್ಠ ಎರಡು ವಾರಕ್ಕೆ ಸಾಲುವಷ್ಟು ಚೀಲಗಳನ್ನು ಕೊಂಡೇ ಹೊರಡಬೇಕು. ಖಾಲಿ ಡಬ್ಬಿಯ ಮೇಲಿನ ಹೆಸರು, ಸಂಖ್ಯೆ, ಅಳತೆಗಳನ್ನು ಕತ್ತರಿಸಿ ನೋಟುಬುಕ್ಕಿಗೆ ಅಂಟಿಸಿಕೊಳ್ಳಬೇಕು. ಇಲ್ಲವೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಅಂಗಡಿಯವನಿಗೆ ತೋರಿಸಿ ತರಿಸಿಕೊಳ್ಳಲು ಅದೇ ಆಧಾರ.

ದಾರಿಗೆಂದು ಬೇರೊಂದು ಪುಟ್ಟ ಗಂಟು ಕೈಯಲ್ಲಿಯೇ ಇರಲಿ: ರಂಧ್ರ ಕತ್ತರಿಸಿ ಸಿದ್ಧಮಾಡಿದ ಎರಡು ಬಿಲ್ಲೆ ಮತ್ತು ಚೀಲ, ಬಟ್ಟೆತುಂಡು, ನೀರಿನ ಬಾಟಲಿ, ಕವರು, ಒಂದು ಜೊತೆ ಬದಲಿ ಬಟ್ಟೆ. ಅದನ್ನು ಬಸ್ಸಿನ ಸಾಮಾನುಗೂಡಿಗೆ ಹಾಕಬಾರದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು, ಸೆಕೆಗೆ ಅಂಟು ಕೆಡುತ್ತದೆ. ಸಣ್ಣ ದಿಂಬೊಂದನ್ನು ಹೊಟ್ಟೆಗೆ ಒತ್ತಿಹಿಡಿದರೆ ರಸ್ತೆಯ ಕುಲುಕಾಟವೂ ಕೆಮ್ಮೂ ಅಷ್ಟಾಗಿ ನೋಯಿಸವು. ಮನೆ ಸೇರಿದ ಮೇಲೆ ತುಂಬಿದ ಬಿಂದಿಗೆ, ಅಕ್ಕಿಮೂಟೆಗಳನ್ನು ವೈದ್ಯರು ಒಪ್ಪುವವರೆಗೂ ಎತ್ತಲಾಗದು. ಸ್ಟೋಮಾದ ಪಕ್ಕದಲ್ಲಿ ಹರ್ನಿಯಾ ಉಬ್ಬುವ ಅಪಾಯವುಂಟು.

ನೋಟುಬುಕ್ಕಿನ ಮೊದಲ ಪುಟದಲ್ಲಿ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ ಅದರ ಕೆಳಗೆ ಅಪಾಯದ ಗುರುತುಗಳನ್ನೂ ಬರೆದಿಡಿ. ಸ್ಟೋಮಾ ಕಪ್ಪಾಗುವುದು ಅಥವಾ ನೇರಳೆ ಬಣ್ಣಕ್ಕೆ ತಿರುಗುವುದು, ನಿಲ್ಲದ ರಕ್ತಸ್ರಾವ, ಇಲಿಯೋಸ್ಟಮಿಯಿಂದ ನಾಲ್ಕಾರು ಗಂಟೆ ಏನೂ ಬಾರದೆ ಹೊಟ್ಟೆನುಲಿತ, ವಾಂತಿಗಳಾಗುವುದು, ನೀರಿನಂತೆ ಸುರಿದು ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ, ತಲೆಸುತ್ತುವುದು. ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಹೆದರಬೇಕಾದುದಿಲ್ಲ.

ಮತ್ತೊಮ್ಮೆ ಆಸ್ಪತ್ರೆ ಸೇರುವಾಗ

ಸ್ಟೋಮಾ ಇರುವವರು ಮುಂದೆಂದೋ ಕಣ್ಣಿನ ಪೊರೆಗೋ, ಜ್ವರಕ್ಕೋ, ಮೂಳೆ ಮುರಿದೋ ಬೇರೊಂದು ಆಸ್ಪತ್ರೆಯನ್ನು ಸೇರಬೇಕಾಗಿ ಬರಬಹುದು. ಅಲ್ಲಿ ತಮ್ಮ ಬಗೆಯ ಚೀಲ ಸಿಕ್ಕೀತೆಂದು ನಂಬಬಾರದು. ತಮ್ಮ ಸಾಮಗ್ರಿಯನ್ನು ತಾವೇ ಕೊಂಡೊಯ್ಯಬೇಕು, ಲೆಕ್ಕಕ್ಕಿಂತ ಇಮ್ಮಡಿಯಾಗಿ. ಯಾವ ಬಗೆಯ ಸ್ಟೋಮಾ, ಯಾವ ವರ್ಷ ಆಯಿತು, ಯಾವ ಅಳತೆಯ ಚೀಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೇಲುಗಡೆಯೇ ಇಡಬೇಕು. ಇಲಿಯೋಸ್ಟಮಿಯವರಿಗೆ ಭೇದಿಯ ಔಷಧ ಕೊಡಬಾರದೆಂಬುದನ್ನು ಅದರಲ್ಲಿ ಎದ್ದು ಕಾಣುವಂತೆ ಬರೆಯಬೇಕು. ಮಾತನಾಡಲಾಗದ ಸ್ಥಿತಿಯಲ್ಲಿ ಆ ಚೀಟಿಯೇ ರೋಗಿಯ ನಾಲಿಗೆ.

ನಮ್ಮ ದೇಶದಲ್ಲಿ 1975ರಲ್ಲಿ ಮುಂಬಯಿಯಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಸ್ಥಾಪಿತವಾಯಿತು. 1993ರಿಂದ ಮೂರು ವರ್ಷಗಳಿಗೊಮ್ಮೆ ಅಕ್ಟೋಬರ್ ತಿಂಗಳ ಮೊದಲ ಶನಿವಾರ ವಿಶ್ವ ಆಸ್ಟಮಿ ದಿನವೆಂದು ಆಚರಿತವಾಗುತ್ತ ಬಂದಿದೆ. ಆದರೂ ನಮ್ಮ ಮನೆಗಳಲ್ಲಿ ಈ ವಿಷಯವನ್ನು ಬಾಗಿಲು ಹಾಕಿಕೊಂಡೇ ಮಾತನಾಡುತ್ತಾರೆ. ಹಲ್ಲುಕಟ್ಟು, ಕನ್ನಡಕ, ಊರುಗೋಲುಗಳಿಗಿಲ್ಲದ ನಾಚಿಕೆ ಜೀವ ಉಳಿಸಿದ ಈ ಚೀಲಕ್ಕೇಕೆ?

ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಒಮ್ಮೆ ಎಣಿಸಿ ನೋಡಿ: ನಿತ್ಯದ ಉಡುಪು, ಸಡಿಲ ಉಡುಪು, ಕನ್ನಡಕ, ಕನ್ನಡಿ, ಕತ್ತರಿ, ಪೆನ್ನು, ಎರಡು ಕ್ಲಿಪ್ಪು, ಬಟ್ಟೆತುಂಡು, ಕವರು, ಪ್ಯಾಡು, ದಿಂಬು, ಮಾತ್ರೆಗಳ ಪಟ್ಟಿ, ಕಾಗದಪತ್ರ, ಓಆರ್‌ಎಸ್, ನೋಟುಬುಕ್ಕು. ಇವಿಷ್ಟಿದ್ದರೆ ಒಂದು ವಾರದ ಪಾಠಕ್ಕೆ ಸಾಕು. ಉಳಿದ ಜಾಗದಲ್ಲಿ ಬೇಕಾದರೆ ಓದಲೊಂದು ಪುಸ್ತಕವನ್ನೋ, ಈ ಸಂಚಿಕೆಯ ಧಾರಾವಾಹಿಯನ್ನೋ ಇಟ್ಟುಕೊಳ್ಳಿ. ಹಾಸಿಗೆಯ ಮೇಲಿನ ಮಧ್ಯಾಹ್ನಗಳು ಉದ್ದವಾಗಿರುತ್ತವೆ; ಮುಂದಿನ ವಾರದ ಕಂತು ಏನಾದೀತೆಂಬ ಕುತ್ತೂಹಲವೂ ಮನೆಗೆ ಬೇಗ ಹಿಂದಿರುಗಲು ಒಂದು ಒಳ್ಳೆಯ ಕಾರಣವೇ.